ಆಳುವವರ ನುಡಿಗೂ ಲೆಕ್ಕವುಂಟು

ಕುರುಕ್ಷೇತ್ರದ ಹದಿನೈದನೆಯ ದಿನದ ಕಥೆಯನ್ನು ನಮ್ಮ ಹಳ್ಳಿಗಳ ಹಿರಿಯರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗುಡಿಯ ಪೌಳಿಯಲ್ಲಿ ಭಾರತ ವಾಚನ ಕೇಳಿದವರು, ದೊಡ್ಡಾಟದ ಮುಂದೆ ಬೆಳಗಿನವರೆಗೆ ಕುಳಿತವರು ಅದನ್ನು ಬಲ್ಲರು. ದ್ರೋಣಾಚಾರ್ಯರನ್ನು ಶಸ್ತ್ರದಿಂದ ಗೆಲ್ಲುವುದು ಆಗದ ಮಾತೆಂದು ತಿಳಿದಾಗ, ಭೀಮಸೇನನು ಅಶ್ವತ್ಥಾಮನೆಂಬ ಹೆಸರಿನ ಆನೆಯೊಂದನ್ನು ಕೊಂದು, ಅಶ್ವತ್ಥಾಮ ಸತ್ತನೆಂದು ರಣರಂಗಕ್ಕೆಲ್ಲ ಕೇಳುವಂತೆ ಕೂಗಿದನು. ಆಚಾರ್ಯರು ಭೀಮನ ಮಾತನ್ನು ನಂಬಲಿಲ್ಲ. ಮಗನು ಬದುಕಿರುವನೋ ಇಲ್ಲವೋ ಎಂದು ಅವರು ಕೇಳಿದ್ದು ಧರ್ಮರಾಯನೊಬ್ಬನನ್ನೇ. ಮೂರು ಲೋಕದ ಒಡೆತನ ಕೊಟ್ಟರೂ ಆತನು ಹುಸಿ ನುಡಿಯನೆಂಬ ನಂಬಿಕೆ ಶತ್ರುಪಾಳೆಯದಲ್ಲಿಯೂ ಇತ್ತು. ಧರ್ಮರಾಯನು ಅಶ್ವತ್ಥಾಮ ಸತ್ತದ್ದು ನಿಜವೆಂದು ಗಟ್ಟಿಯಾಗಿ ಹೇಳಿ, ಆನೆಯೆಂಬ ಮಾತನ್ನು ಗಂಟಲಲ್ಲಿಯೇ ನುಂಗಿಕೊಂಡನು. ಆಚಾರ್ಯರು ಬಿಲ್ಲು ಕೆಳಗಿಟ್ಟರು. ಅವರ ಶಿರಸ್ಸು ಉರುಳಿತು.

ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಧರ್ಮರಾಯನ ರಥ ಆ ಕ್ಷಣವೇ ಮಣ್ಣಿಗಿಳಿಯಿತು. ಯುದ್ಧ ಗೆದ್ದು, ಹಸ್ತಿನಾವತಿಯನ್ನು ಆಳಿ, ಮಹಾಪ್ರಸ್ಥಾನ ಮುಗಿಸಿ ಸ್ವರ್ಗಕ್ಕೆ ಹೋದ ಮೇಲೆಯೂ ಆ ಒಂದು ಮಾತಿಗಾಗಿ ಆತನು ನರಕದರ್ಶನ ಮಾಡಬೇಕಾಯಿತು. ಗೆದ್ದವನೆಂದು ಬಿಡಲಿಲ್ಲ, ಧರ್ಮಜನೆಂದು ಬಿಡಲಿಲ್ಲ. ಲೆಕ್ಕ ಲೆಕ್ಕವೇ.

ಈ ಕಥೆಯಲ್ಲಿ ಮೂರು ತಿಳಿವಳಿಕೆಗಳಿವೆ. ಒಂದು, ಯುದ್ಧದಲ್ಲಿ ಎಲ್ಲಕ್ಕಿಂತ ಹರಿತವಾದ ಆಯುಧ ದೊಡ್ಡವರ ಮೇಲೆ ಜನ ಇಟ್ಟ ನಂಬಿಕೆ. ಎರಡು, ಸುಳ್ಳು ಹೇಳಲು ಸುಳ್ಳನ್ನೇ ಆಡಬೇಕೆಂದಿಲ್ಲ. ನಿಜದ ಅರ್ಧವನ್ನು ನುಂಗಿಕೊಂಡರೂ ಸಾಕು. ಮೂರು, ಆ ನುಂಗಿಕೊಂಡ ಅರ್ಧಕ್ಕೆ ಎಂದಾದರೊಮ್ಮೆ ಉತ್ತರ ಹೇಳಲೇಬೇಕು. ದ್ವಾಪರದ ಈ ಮಾತು ಕಲಿಯುಗದಲ್ಲಿ ಹೇಗೆ ಮತ್ತೆ ಮತ್ತೆ ನಡೆಯಿತು, ಲೆಕ್ಕ ಕೇಳುವವರು ಕೇಳಿದರೋ ಇಲ್ಲವೋ ಎಂಬುದನ್ನು ಈ ವಾರ ನಿಮ್ಮೊಡನೆ ವಿಚಾರಿಸಬೇಕೆಂದು ನಾವು ಬಯಸಿದ್ದೇವೆ.

ಇರಾಕಿನ ಮೇಲೆ ಹೊರಿಸಿದ ಮಾತು

2003ನೇ ಇಸವಿ ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ ದೇಶಗಳ ಸೇನೆಗಳು ಇರಾಕಿನ ಮೇಲೆ ದಂಡೆತ್ತಿ ಹೋದವು. ಆ ದೇಶದ ಅಧ್ಯಕ್ಷ ಸದ್ದಾಮ್ ಹುಸೇನನು ಸಾಧುಪುರುಷನಾಗಿರಲಿಲ್ಲ. 1988ರಲ್ಲಿ ತನ್ನದೇ ನಾಡಿನ ಹಲಬ್ಜಾ ಪಟ್ಟಣದ ಕುರ್ದಿ ಜನರ ಮೇಲೆ ವಿಷಾನಿಲ ಸುರಿಸಿ ಸಾವಿರಾರು ಮಂದಿಯನ್ನು ಕೊಂದವನು. 1990ರಲ್ಲಿ ನೆರೆಯ ಕುವೈತನ್ನು ನುಂಗಿದವನು. ಆದರೆ 2003ರ ಯುದ್ಧಕ್ಕೆ ಕೊಟ್ಟ ಮುಖ್ಯ ಕಾರಣ ಆತನ ಹಳೆಯ ಪಾಪಗಳಲ್ಲ. ರಾಸಾಯನಿಕ, ಜೈವಿಕ ಅಸ್ತ್ರಗಳು ಈಗಲೂ ಆತನ ಬಳಿ ಇವೆ, ಅಣ್ವಸ್ತ್ರವನ್ನೂ ಮಾಡಿಕೊಳ್ಳುತ್ತಿದ್ದಾನೆ, ತಡಮಾಡಿದರೆ ಲೋಕಕ್ಕೆ ಕೇಡು ಎಂಬುದು ಆ ಕಾರಣವಾಗಿತ್ತು.

ಆಡಿದವರು ಸಾಮಾನ್ಯರಲ್ಲ. 2002ರ ಆಗಸ್ಟಿನಲ್ಲಿ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯವರು ಇರಾಕಿನ ಬಳಿ ಇಂಥ ಅಸ್ತ್ರಗಳಿರುವುದರಲ್ಲಿ ಸಂಶಯವೇ ಇಲ್ಲವೆಂದು ಮಾಜಿ ಸೈನಿಕರ ಸಭೆಯಲ್ಲಿ ಸಾರಿದರು. ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಅವರ ಮುನ್ನುಡಿಯೊಂದಿಗೆ ಅಲ್ಲಿನ ಸರಕಾರ ಹೊರಡಿಸಿದ ಪುಸ್ತಿಕೆಯಲ್ಲಿ, ಅಪ್ಪಣೆಯಾದ 45 ನಿಮಿಷಗಳಲ್ಲಿ ಇರಾಕು ಕೆಲವು ಅಸ್ತ್ರಗಳನ್ನು ಪ್ರಯೋಗಕ್ಕೆ ಅಣಿಗೊಳಿಸಬಲ್ಲದೆಂಬ ಮಾತು ಬಂದಿತು. 2003ರ ಜನವರಿ 28ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರು ತಮ್ಮ ವಾರ್ಷಿಕ ಭಾಷಣದಲ್ಲಿ, ಸದ್ದಾಮನು ಆಫ್ರಿಕದಿಂದ ಯುರೇನಿಯಂ ತರಿಸಲು ಯತ್ನಿಸಿದನೆಂದು ಬ್ರಿಟಿಷ್ ಸರಕಾರಕ್ಕೆ ತಿಳಿದುಬಂದಿದೆ ಎಂದರು. ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕೋಲಿನ್ ಪೊವೆಲ್ ಅವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪುಟ್ಟ ಸೀಸೆಯೊಂದನ್ನು ಎತ್ತಿ ಹಿಡಿದು, ಇಷ್ಟು ವಿಷಪುಡಿಯೇ ಎಂಥ ಅನರ್ಥ ಮಾಡೀತೆಂದು ತೋರಿಸಿದರು. ಅವರನ್ನು ಲೋಕ ಸತ್ಯವಂತರೆಂದು ಗೌರವಿಸುತ್ತಿತ್ತು. ದ್ರೋಣರು ಧರ್ಮರಾಯನನ್ನು ನಂಬಿದಂತೆ ಎಷ್ಟೋ ಜನ ಅವರ ಮಾತನ್ನು ನಂಬಿದರು.

ನುಂಗಿಕೊಂಡ ಆನೆ ಯಾವುದು?

ಇರಾಕು ತರಿಸಿಕೊಂಡಿದ್ದ ಅಲ್ಯುಮಿನಿಯಂ ಕೊಳವೆಗಳು ಅಣ್ವಸ್ತ್ರಕ್ಕಾಗಿಯೇ ಎಂದು ಸಾರಲಾಯಿತು. ಅವು ಸಾಧಾರಣ ರಾಕೆಟ್ಟುಗಳಿಗೆ ಬಳಸುವಂಥವೆಂದು ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಅಭಿಪ್ರಾಯಪಟ್ಟಿದ್ದರು. ಅಣ್ವಸ್ತ್ರದ ಕೆಲಸ ಮತ್ತೆ ಆರಂಭವಾಗಿದೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ವಿದೇಶಾಂಗ ಇಲಾಖೆಯದೇ ಗುಪ್ತಚರ ವಿಭಾಗ ಬರೆದಿತ್ತು. 2002ರ ಅಕ್ಟೋಬರಿನಲ್ಲಿ ಸಿದ್ಧವಾದ ಗುಪ್ತ ವರದಿಯಲ್ಲಿ ಈ ಭಿನ್ನಾಭಿಪ್ರಾಯಗಳು ದಾಖಲಾಗಿದ್ದವು. ಜನರ ಕೈಗೆ ಕೊಟ್ಟ ಪ್ರತಿಯಲ್ಲಿ ಅವು ಮಾಯವಾಗಿದ್ದವು.

ಬ್ರಿಟನ್ನಿನ 45 ನಿಮಿಷದ ಮಾತಿನ ಗತಿಯೂ ಇದೇ. ಅದು ರಣರಂಗದಲ್ಲಿ ಬಳಸುವ ಸಣ್ಣ ಅಸ್ತ್ರಗಳಿಗೆ ಸಂಬಂಧಿಸಿದ ಸುದ್ದಿ. ಆ ವಿವರವನ್ನು ಹೇಳದೆ ಬಿಟ್ಟದ್ದರಿಂದ, ದೂರದ ದೇಶಗಳ ಮೇಲೆಯೇ ಅಸ್ತ್ರ ಬಂದು ಬೀಳುವುದೆಂದು ಜನ ತಿಳಿದರು. ಏನಕ್ಕೆ ಸಂಬಂಧಿಸಿದ್ದೆಂದು ಸ್ಪಷ್ಟಪಡಿಸದೆ ಆ ಮಾತನ್ನು ಸೇರಿಸಬಾರದಾಗಿತ್ತೆಂದು 2004ರ ಜುಲೈನಲ್ಲಿ ಲಾರ್ಡ್ ಬಟ್ಲರ್ ಅವರ ಸಮಿತಿ ಹೇಳಿತು. ಲಾರಿಗಳ ಮೇಲೆ ಸಂಚರಿಸುವ ಜೈವಿಕ ಅಸ್ತ್ರದ ಕಾರ್ಖಾನೆಗಳಿವೆ ಎಂಬ ಸುದ್ದಿಗೆ ಮುಖ್ಯ ಮೂಲ ಜರ್ಮನಿಗೆ ಓಡಿಬಂದಿದ್ದ ಒಬ್ಬ ಇರಾಕಿ ನಿರಾಶ್ರಿತ. ಅದೆಲ್ಲ ತಾನು ಕಟ್ಟಿದ ಕಥೆಯೆಂದು ಆತನೇ 2011ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಒಪ್ಪಿಕೊಂಡ. ಆಫ್ರಿಕದ ಯುರೇನಿಯಂ ಕುರಿತು ಕೈಗೆ ಬಂದಿದ್ದ ಕಾಗದಗಳು ನಕಲಿಯೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದಿಯವರು ಯುದ್ಧಕ್ಕೆ ಮೊದಲೇ, ಮಾರ್ಚ್ 7ರಂದು, ಭದ್ರತಾ ಮಂಡಳಿಗೆ ತಿಳಿಸಿದ್ದರು.

ಅದೇ ಹೊತ್ತಿಗೆ ಹಾನ್ಸ್ ಬ್ಲಿಕ್ಸ್ ಅವರ ನೇತೃತ್ವದ ವಿಶ್ವಸಂಸ್ಥೆಯ ತಪಾಸಣೆಗಾರರು ಇರಾಕಿನೊಳಗೆ ಓಡಾಡಿಕೊಂಡು ಸುಮಾರು 700 ಬಾರಿ ತಪಾಸಣೆ ಮಾಡಿದ್ದರು. ಹೇಳಿದಂಥ ಅಸ್ತ್ರಗಳ ದಾಸ್ತಾನು ಅವರಿಗೆ ಸಿಗಲಿಲ್ಲ. ಇನ್ನೂ ಕೆಲವು ತಿಂಗಳು ಕಾಲಾವಕಾಶ ಬೇಕೆಂದು ಅವರು ಕೇಳಿದರು. ಕಾಲ ಕೊಡಲಿಲ್ಲ, ಬಾಂಬು ಬಿತ್ತು. ಯುದ್ಧದ ಬಳಿಕ ಗೆದ್ದವರೇ ನೇಮಿಸಿದ ಶೋಧನಾ ತಂಡ ಇಡೀ ದೇಶವನ್ನು ಜಾಲಾಡಿ, ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು 2004ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು.

ಆದರೆ ಅಷ್ಟರೊಳಗೆ ಹೆಣಗಳು ಬಿದ್ದಿದ್ದವು, ಮುಂದೆಯೂ ಬಿದ್ದವು. 2009ರ ಜುಲೈ ವೇಳೆಗೆ ಕನಿಷ್ಠ 1,50,000 ಇರಾಕಿಗಳು, ಪ್ರಾಯಶಃ ಇನ್ನೂ ಎಷ್ಟೋ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹುಪಾಲು ಶಸ್ತ್ರ ಹಿಡಿಯದ ಜನ ಎಂದು ಬ್ರಿಟನ್ನಿನ ವಿಚಾರಣಾ ಸಮಿತಿಯೇ ಲೆಕ್ಕ ಹಾಕಿದೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಹೋದರು. ಬ್ರಿಟನ್ನಿನ 179 ಮಂದಿ, ಅಮೆರಿಕದ ಸುಮಾರು 4,500 ಮಂದಿ ಸೈನಿಕರು ಮಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಒಡೆದ ಮುತ್ತಿಗೆ ಬೇರೆ ಮುತ್ತು ತಂದಾರು. ಹೋದ ಜೀವಕ್ಕೆ ಏನನ್ನು ತರುತ್ತಾರೆ?

ತಪ್ಪು, ಗುಟ್ಟು, ಸುಳ್ಳು

ಇಲ್ಲಿ ನಾವು ತಕ್ಕಡಿಯನ್ನು ನೆಟ್ಟಗೆ ಹಿಡಿಯಬೇಕು. ನ್ಯಾಯ ಹೇಳಲು ಕುಳಿತವರು ಕೋಪದಿಂದ ತೂಗಬಾರದು.

ಯುದ್ಧಕಾಲದಲ್ಲಿ ಆಳುವವರು ಕೆಲವು ವಿಷಯಗಳನ್ನು ಮುಚ್ಚಿಡಲೇಬೇಕು. ದಂಡು ಯಾವ ದಾರಿಯಿಂದ ಹೋಗುತ್ತದೆ, ಯಾವ ದಿನ ಹೊರಡುತ್ತದೆ ಎಂಬುದನ್ನು ಸಂತೆಯಲ್ಲಿ ಸಾರುವವನು ರಾಜನಲ್ಲ, ಮೂರ್ಖ. ಅದು ಗುಟ್ಟು, ಅದರಲ್ಲಿ ದೋಷವಿಲ್ಲ. ಗುಟ್ಟು ಕಾಯುವವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಸುಳ್ಳಾಡುವವನು ಬಾಯಿ ತೆರೆಯುತ್ತಾನೆ. ಇವೆರಡರ ಅಂತರ ಬಹಳ.

ಹಾಗೆಯೇ ತಿಳಿವಳಿಕೆಯಲ್ಲಿ ತಪ್ಪುವುದು ಬೇರೆ. ಇರಾಕಿನಲ್ಲಿ ಅಸ್ತ್ರಗಳು ಉಳಿದಿರಬಹುದೆಂದು ಬೇರೆ ಹಲವು ದೇಶಗಳ ಗುಪ್ತಚರರೂ ನಂಬಿದ್ದರು. ನಂಬಿದ್ದು ತಪ್ಪಾದರೆ ಅದನ್ನು ಭ್ರಮೆ ಎನ್ನೋಣ. ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿ ನಾಯಕರ ಬಹಿರಂಗ ಹೇಳಿಕೆಗಳನ್ನು ಒಂದೊಂದಾಗಿ ಗುಪ್ತಚರ ವರದಿಗಳ ಪಕ್ಕದಲ್ಲಿಟ್ಟು ತಾಳೆ ನೋಡಿ 2008ರ ಜೂನಿನಲ್ಲಿ ತನ್ನ ನಿರ್ಣಯ ಪ್ರಕಟಿಸಿತು. ಅಸ್ತ್ರಗಳ ಕುರಿತ ಹಲವು ಹೇಳಿಕೆಗಳಿಗೆ ಆಗಿನ ವರದಿಗಳಲ್ಲಿ ಆಧಾರವಿತ್ತು, ಆದರೆ ಆ ವರದಿಗಳೊಳಗಿನ ಸಂಶಯ ಮತ್ತು ಭಿನ್ನಮತಗಳನ್ನು ನಾಯಕರು ಹೇಳಲಿಲ್ಲ ಎಂದಿತು. ಸದ್ದಾಮನಿಗೂ ಅಲ್ ಖೈದಾಕ್ಕೂ ಒಳಒಪ್ಪಂದವಿತ್ತೆಂಬ ಸೂಚನೆಗೆ ಆಧಾರವೇ ಇರಲಿಲ್ಲವೆಂದೂ ಹೇಳಿತು. ಬ್ರಿಟನ್ನಿನಲ್ಲಿ ಸರ್ ಜಾನ್ ಚಿಲ್ಕಾಟ್ ಅವರ ಸಮಿತಿ ಏಳು ವರ್ಷ ವಿಚಾರಿಸಿ, 2016ರ ಜುಲೈ 6ರಂದು 12 ಸಂಪುಟಗಳ, ಸುಮಾರು 26 ಲಕ್ಷ ಪದಗಳ ವರದಿಯನ್ನು ಹೊರತಂದಿತು. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಸೇರಲಾಯಿತು, ಇರಾಕಿನ ಅಸ್ತ್ರಗಳ ಅಪಾಯವನ್ನು ಆಧಾರ ಮೀರಿದ ಖಚಿತತೆಯಿಂದ ಜನರ ಮುಂದಿಡಲಾಯಿತು ಎಂಬುದು ಅದರ ಸಾರ. ಪ್ರಧಾನಿಯವರು ಬೇಕೆಂದೇ ಸುಳ್ಳಾಡಿದರೆಂದು ಅದು ಹೇಳಲಿಲ್ಲ.

ಹಾಗಾದರೆ ದೋಷ ಎಲ್ಲಿದೆ? ಸಂಶಯವನ್ನು ಸಂಶಯವೆಂದು ಹೇಳದೆ ಖಚಿತವೆಂದು ಹೇಳಿದ್ದರಲ್ಲಿದೆ. ನೆರೆಮನೆಯವನು ನಮ್ಮ ಎತ್ತನ್ನು ಕದ್ದಿರಬಹುದು ಎನ್ನುವುದಕ್ಕೂ, ಕದ್ದದ್ದನ್ನು ಕಣ್ಣಾರೆ ಕಂಡೆ ಎನ್ನುವುದಕ್ಕೂ ಎಷ್ಟು ಅಂತರವೆಂಬುದು ಊರ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತ ಯಾವ ಹಿರಿಯನಿಗಾದರೂ ತಿಳಿದಿದೆ. ಮೊದಲನೆಯ ಮಾತಿಗೆ ಪಂಚರು ವಿಚಾರಣೆ ಮಾಡುತ್ತಾರೆ, ಎರಡನೆಯ ಮಾತಿಗೆ ದಂಡ ಹಾಕುತ್ತಾರೆ. ಒಂದು ಎತ್ತಿನ ವ್ಯಾಜ್ಯದಲ್ಲಿ ಬೇಕಾದ ಈ ಎಚ್ಚರ ಲಕ್ಷಾಂತರ ಜೀವಗಳ ವಿಷಯದಲ್ಲಿ ಬೇಡವೆ? ತಾನು ಮನಸಾರೆ ನಂಬಿದ್ದೆ ಎಂಬ ಉತ್ತರ ಇಲ್ಲಿ ಸಾಲದು. ಎಷ್ಟು ಗೊತ್ತಿತ್ತು, ಎಷ್ಟು ಹೇಳಿದೆ, ನಡುವಿನ ಅಂತರವೆಷ್ಟು ಎಂಬುದೇ ಲೆಕ್ಕ.

ಕೇಳಬೇಕಾದವರು ಕೇಳಿದರೆ?

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಇದು ಕೇವಲ ಅರಸನ ದೋಷವಲ್ಲ, ಸಭೆಯ ದೋಷ ಕೂಡ. 2002ರ ಅಕ್ಟೋಬರಿನಲ್ಲಿ ಅಮೆರಿಕದ ಸೆನೆಟ್ಟು 77ಕ್ಕೆ 23 ಮತಗಳಿಂದ ಯುದ್ಧಾಧಿಕಾರವನ್ನು ಅಧ್ಯಕ್ಷರ ಕೈಗಿತ್ತಿತು. ಗುಪ್ತ ವರದಿಯ ಪೂರ್ಣ ಪ್ರತಿಯನ್ನು ಸದಸ್ಯರು ಓದಬಹುದಾಗಿತ್ತು. ಓದಿದವರು ಬೆರಳೆಣಿಕೆಯಷ್ಟು ಮಂದಿ ಎಂದು ಮುಂದೆ ಪತ್ರಿಕೆಗಳು ಬರೆದವು. ಓದಿದವರಲ್ಲೊಬ್ಬರಾದ, ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಅವರು ಯುದ್ಧದ ವಿರುದ್ಧ ಮತ ಹಾಕಿದರು. ಬ್ರಿಟನ್ನಿನಲ್ಲಿ ಮಂತ್ರಿ ರಾಬಿನ್ ಕುಕ್ ಅವರು ಮಾರ್ಚ್ 17ರಂದು ಮಂತ್ರಿಪದವಿ ಬಿಟ್ಟು ಬಂದು ತಮ್ಮ ಪಕ್ಷದ ಸರಕಾರದ ವಿರುದ್ಧವೇ ಕಾಮನ್ಸ್ ಸಭೆಯಲ್ಲಿ ಮಾತನಾಡಿದರು. ಮರುದಿನ ಆ ಸಭೆ 412ಕ್ಕೆ 149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು.

ಇದು ಮೊದಲನೆಯ ಸಲವೂ ಅಲ್ಲ. 1964ರ ಆಗಸ್ಟ್ 2ರಂದು ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗಿನ ಮೇಲೆ ಉತ್ತರ ವಿಯೆಟ್ನಾಂ ದೋಣಿಗಳು ದಾಳಿ ಮಾಡಿದ್ದು ನಿಜ. ಆಗಸ್ಟ್ 4ರಂದು ಎರಡನೆಯ ದಾಳಿಯಾಯಿತೆಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಅದೇ ರಾತ್ರಿ ದೇಶಕ್ಕೆ ಹೇಳಿದರು. ಅಂಥ ದಾಳಿ ನಡೆದಿರಲಿಲ್ಲ. ಪೂರ್ಣ ಪರಿಶೀಲನೆಯಾಗುವವರೆಗೆ ಮುಂದಿನ ಕ್ರಮ ಬೇಡವೆಂದು ಸ್ಥಳದಲ್ಲಿದ್ದ ನೌಕಾಧಿಕಾರಿಯೇ ಅದೇ ದಿನ ತಂತಿ ಕಳಿಸಿದ್ದರು. ಆ ಸಂಶಯವನ್ನು ನುಂಗಿಕೊಳ್ಳಲಾಯಿತು. ಆಗಸ್ಟ್ 7ರಂದು ಕೆಳಮನೆ 416ಕ್ಕೆ ಸೊನ್ನೆ, ಸೆನೆಟ್ಟು 88ಕ್ಕೆ 2 ಮತಗಳಿಂದ ಯುದ್ಧದ ಬಾಗಿಲು ತೆರೆದವು. ಬೇಡವೆಂದ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. 1968ರಲ್ಲಿ ಇಬ್ಬರೂ ಸ್ಥಾನ ಕಳೆದುಕೊಂಡರು. ಆ ಯುದ್ಧದಲ್ಲಿ ಅಮೆರಿಕದ 58,000ಕ್ಕೂ ಹೆಚ್ಚು ಸೈನಿಕರು, ವಿಯೆಟ್ನಾಮಿನ ಲಕ್ಷಾಂತರ ಜನ ಸತ್ತರು. ಯುದ್ಧದ ಒಳಕಥೆಯನ್ನು ಹೇಳುವ ಸುಮಾರು 7,000 ಪುಟಗಳ ಸರಕಾರಿ ದಾಖಲೆಯನ್ನು ಡೇನಿಯಲ್ ಎಲ್ಸ್‌ಬರ್ಗ್ ಅವರು ಹೊರಗೆ ಕೊಟ್ಟು, 1971ರಲ್ಲಿ ಪತ್ರಿಕೆಗಳು ಅದನ್ನು ಅಚ್ಚು ಮಾಡಿದಾಗಲೇ ಜನರಿಗೆ ನಿಜ ತಿಳಿದದ್ದು. ನಿಜ ಹೇಳಿದವರನ್ನು ಕಟಕಟೆಯಲ್ಲಿ ನಿಲ್ಲಿಸಿದರು. 1973ರಲ್ಲಿ ಆ ಮೊಕದ್ದಮೆ ಬಿದ್ದುಹೋಯಿತು. ಯುದ್ಧಮಂತ್ರಿಯಾಗಿದ್ದ ರಾಬರ್ಟ್ ಮೆಕ್ನಮಾರಾ ಅವರು ತಾವು ತಪ್ಪಿದೆವೆಂದು ಪುಸ್ತಕ ಬರೆದದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಸತ್ತವರ ಸಮಾಧಿಗಳ ಮೇಲೆ ಎಷ್ಟೋ ಬಾರಿ ಹುಲ್ಲು ಬೆಳೆದು ಒಣಗಿತ್ತು.

ಇರಾಕಿನ ಲೆಕ್ಕವೂ ಬಹುತೇಕ ಬಾಕಿಯೇ ಉಳಿಯಿತು. ಬುಷ್ ಅವರು 2004ರಲ್ಲಿಯೂ ಬ್ಲೇರ್ ಅವರು 2005ರಲ್ಲಿಯೂ ಚುನಾವಣೆ ಗೆದ್ದರು. 2008ರಲ್ಲಿ ಬುಷ್ ಅವರ ಮೇಲೆ ಮಹಾಭಿಯೋಗದ 35 ಆರೋಪಗಳನ್ನು ಸದಸ್ಯರೊಬ್ಬರು ಮಂಡಿಸಿದರು. ಅದನ್ನು ಸಮಿತಿಗೆ ಒಪ್ಪಿಸಿ ಅಲ್ಲಿಯೇ ಮಲಗಿಸಲಾಯಿತು. ಬ್ಲೇರ್ ಅವರನ್ನು ಹೊಣೆಯಾಗಿಸಬೇಕೆಂಬ ಗೊತ್ತುವಳಿ 2016ರ ನವೆಂಬರಿನಲ್ಲಿ ಕಾಮನ್ಸ್ ಸಭೆಗೆ ಬಂದಾಗ 439ಕ್ಕೆ 70 ಮತಗಳಿಂದ ಬಿದ್ದಿತು. ತಿಳಿದೂ ಸಭೆಯನ್ನು ತಪ್ಪುದಾರಿಗೆಳೆದ ಮಂತ್ರಿ ರಾಜೀನಾಮೆ ಕೊಡಬೇಕೆಂಬ ನಿಯಮ ಬ್ರಿಟನ್ನಿನ ಮಂತ್ರಿಗಳ ನಡಾವಳಿಯಲ್ಲಿಯೇ ಇದೆ. 1963ರಲ್ಲಿ ಯುದ್ಧಖಾತೆಯ ಮಂತ್ರಿ ಜಾನ್ ಪ್ರೊಫ್ಯೂಮೊ ಅವರು ತಮ್ಮ ಖಾಸಗಿ ಸಂಬಂಧವೊಂದರ ವಿಷಯದಲ್ಲಿ ಸಭೆಗೆ ಸುಳ್ಳು ಹೇಳಿ ಪದವಿ ಕಳೆದುಕೊಂಡರು. ಯುದ್ಧದ ಮಾತಿಗೆ ಅಂಥ ಬೆಲೆ ತೆತ್ತವರು ಕಾಣುವುದಿಲ್ಲ. ಮನೆಯೊಳಗಿನ ಸುಳ್ಳಿಗೆ ದಂಡ, ರಣರಂಗದ ಅರ್ಧಸತ್ಯಕ್ಕೆ ಮೌನ. ಇದು ಯಾವ ಧರ್ಮದ ತಕ್ಕಡಿ?

ಪೊವೆಲ್ ಅವರು ಮಾತ್ರ ಪದವಿಯಿಂದ ಇಳಿದ ಮೇಲೆ 2005ರಲ್ಲಿ, ಭದ್ರತಾ ಮಂಡಳಿಯ ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಲೆಯೆಂದು ಬಹಿರಂಗವಾಗಿ ಹೇಳಿದರು. ಅಷ್ಟು ಹೇಳಲೂ ಅಂತಃಸಾಕ್ಷಿ ಬೇಕು.

ಕಲ್ಯಾಣದ ಭಂಡಾರ

ನಮ್ಮ ಪರಂಪರೆ ಈ ವಿಷಯದಲ್ಲಿ ಏನು ಹೇಳುತ್ತದೆ? ಬಸವಣ್ಣನವರು ಭಕ್ತರಿಗೆ ವಿಧಿಸಿದ ಏಳು ನಿಷೇಧಗಳಲ್ಲಿ ಕಳವು, ಕೊಲೆಗಳ ಬೆನ್ನಿಗೇ ಬರುವುದು ಹುಸಿ. ಈ ಮೂರೂ ಒಂದೇ ಕುಲದವು. ಸುಳ್ಳಾಡಿದವನು ಕೇಳುವವನ ವಿವೇಕವನ್ನು ಕದಿಯುತ್ತಾನೆ. ಆ ಸುಳ್ಳು ಯುದ್ಧದ್ದಾದರೆ ಕೊಲೆಯೂ ಅದರೊಳಗೇ ಸೇರುತ್ತದೆ.

ಬಸವಪುರಾಣದಲ್ಲಿ ಒಂದು ಪ್ರಸಂಗವಿದೆ. ಭಂಡಾರಿ ಬಸವಣ್ಣನವರು ಅರಸನ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನ ಕಿವಿಯೂದಿದರು. ಅರಸನು ಕೇಳಿದನು. ಬಸವಣ್ಣನವರು ತಾನು ಶಿವಭಕ್ತ, ತನ್ನನ್ನು ಕೇಳಬಾರದು ಎನ್ನಲಿಲ್ಲ. ಕೇಳಿದವರ ಭಕ್ತಿಯನ್ನಾಗಲಿ ರಾಜನಿಷ್ಠೆಯನ್ನಾಗಲಿ ಹಳಿಯಲಿಲ್ಲ. ಭಂಡಾರದ ಬಾಗಿಲು ತೆರೆಸಿ ಎಣಿಸಿಕೊಳ್ಳಿರೆಂದರು. ಎಣಿಸಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಪುರಾಣ ಇದನ್ನು ಶಿವನ ಮಹಿಮೆಯೆಂದು ಹಾಡುತ್ತದೆ. ಅದರೊಳಗಿನ ಲೋಕಧರ್ಮವನ್ನೂ ನಾವು ಗ್ರಹಿಸಬೇಕು: ಶುದ್ಧನಾದವನು ಲೆಕ್ಕಕ್ಕೆ ಹೆದರುವುದಿಲ್ಲ. ಹೊನ್ನಿನ ಭಂಡಾರಕ್ಕೆ ಲೆಕ್ಕವಿದೆ ಎಂದ ಮೇಲೆ ಜನರ ಮಕ್ಕಳ ಪ್ರಾಣದ ಭಂಡಾರಕ್ಕೆ ಲೆಕ್ಕ ಬೇಡವೆ?

ವೀರಶೈವ ಧರ್ಮದ ಪಂಚಾಚಾರಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ. ನಡೆ ನುಡಿ ಒಂದಾಗಿ, ವಂಚನೆಯಿಲ್ಲದೆ ಬಾಳುವುದು ಸದಾಚಾರ. ತಾನು ದೊಡ್ಡವನೆಂಬ ಅಹಂಕಾರವಳಿದು ಸೇವಕನಂತೆ ನಡೆಯುವುದು ಭೃತ್ಯಾಚಾರ. ಆಳುವವನು ಜನರ ಒಡೆಯನಲ್ಲ, ಭೃತ್ಯ. ಭೃತ್ಯನಾದವನು ಲೆಕ್ಕ ಒಪ್ಪಿಸದೆ ಹೋಗಲಾರ. ಅಧರ್ಮವನ್ನು ಕಂಡಾಗ ಸುಮ್ಮನಿರದೆ ಎದ್ದು ಕೇಳುವುದು ಗಣಾಚಾರ. ಗಣಾಚಾರವೆಂದರೆ ಕೂಗಾಟವಲ್ಲ, ಕಲ್ಲು ತೂರುವುದಲ್ಲ. ಸಭೆಯ ನಡುವೆ ನಿಂತು, ಸಮಾಧಾನ ಬಿಡದೆ, ಉತ್ತರ ಸಿಗುವವರೆಗೆ ಕೇಳುವ ಧೈರ್ಯ ಅದು. ರಾಬಿನ್ ಕುಕ್, ಮೋರ್ಸ್, ಗ್ರೂನಿಂಗ್ ಇವರಿಗೆ ನಮ್ಮ ಶಾಸ್ತ್ರದ ಪರಿಚಯವಿರಲಿಲ್ಲ. ಆದರೆ ಅವರು ಮಾಡಿದ್ದು ಗಣಾಚಾರವೇ.

ತೋಳ ನಿಜವಾಗಿ ಬಂದಾಗ

ಲೆಕ್ಕ ಕೇಳದೆ ಬಿಟ್ಟರೆ ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು. 2013ರ ಆಗಸ್ಟ್ 21ರಂದು ಸಿರಿಯಾ ದೇಶದ ಘೌಟಾ ಪ್ರದೇಶದಲ್ಲಿ ವಿಷಾನಿಲದ ದಾಳಿಯಾಗಿ ಮಕ್ಕಳು ಮರಿಯೆನ್ನದೆ ನೂರಾರು ಜನ ಸತ್ತರು. ಆ ಸಲ ವಿಷಾಸ್ತ್ರ ಕಟ್ಟುಕಥೆಯಾಗಿರಲಿಲ್ಲ. ಆಗಸ್ಟ್ 29ರಂದು ಬ್ರಿಟನ್ನಿನ ಸರಕಾರ ಕಾಮನ್ಸ್ ಸಭೆಯ ಮುಂದೆ ಹೋದಾಗ ಸಭೆ 285ಕ್ಕೆ 272 ಮತಗಳಿಂದ ಅದರ ಸೂಚನೆಯನ್ನು ತಳ್ಳಿಹಾಕಿತು. ಚರ್ಚೆಯ ಉದ್ದಕ್ಕೂ ಇರಾಕಿನ ನೆನಪು ಅಲ್ಲಿ ಸುಳಿದಾಡುತ್ತಿತ್ತು. ಅಂದು ಯುದ್ಧಕ್ಕೆ ಹೋಗಬೇಕಿತ್ತೋ ಬೇಡವೋ ಎಂಬುದು ಬೇರೆ ಮಾತು. ಹತ್ತು ವರ್ಷ ಹಿಂದೆ ಹಿರಿಯರು ಆಡಿದ ಮಾತು ಹುಸಿಯಾದ್ದರಿಂದ ನಿಜವಾಗಿ ಸತ್ತವರ ಗೋಳಿಗೂ ಸಾಕ್ಷಿ ಕೇಳುವ ಕಾಲ ಬಂದಿತು. ಆಳುವವರ ಸುಳ್ಳು ನಾಳೆಯ ಸತ್ಯವನ್ನೂ ಕೆಡಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಮನೆಯ ಮಾತು

ಪರರಾಷ್ಟ್ರದ ದೋಷ ಎಣಿಸಿ ನಾವು ಶುದ್ಧರೆಂದು ಕುಳಿತುಕೊಳ್ಳುವುದು ಸಲ್ಲದು. 2003ರ ಏಪ್ರಿಲಿನಲ್ಲಿ ನಮ್ಮ ಲೋಕಸಭೆ ಇರಾಕಿನ ಮೇಲಣ ಯುದ್ಧವನ್ನು ನಿಂದಿಸಿ ಗೊತ್ತುವಳಿ ಮಾಡಿತು. ಅದೇ ಜುಲೈನಲ್ಲಿ, ಅಟಲ ಬಿಹಾರಿ ವಾಜಪೇಯಿ ಅವರ ಸರಕಾರ ಅಲ್ಲಿಗೆ ನಮ್ಮ ಸೈನಿಕರನ್ನು ಕಳಿಸುವುದಿಲ್ಲವೆಂದು ತೀರ್ಮಾನಿಸಿತು. ಅದು ವಿವೇಕದ ನಡೆ. 1999ರ ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಾಮರ್ಶೆ ಸಮಿತಿಯನ್ನು ನೇಮಿಸಿ, ಕೆಲವು ಭಾಗಗಳನ್ನು ಮರೆಮಾಡಿಯಾದರೂ, ವರದಿಯನ್ನು 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಡಲಾಯಿತು. ಅದು ಮೆಚ್ಚತಕ್ಕ ಕೆಲಸ. ಆದರೆ 1962ರ ಚೀನಾ ಯುದ್ಧದ ಸೋಲನ್ನು ಕುರಿತು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಸೇನಾಧಿಕಾರಿಗಳು 1963ರಲ್ಲಿಯೇ ಒಪ್ಪಿಸಿದ ವರದಿಯನ್ನು ಯಾವ ಪಕ್ಷದ ಸರಕಾರವೂ ಜನರ ಮುಂದೆ ಪೂರ್ಣವಾಗಿ ತೆರೆದಿಟ್ಟಿಲ್ಲ. ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಂದಿರು ಉತ್ತರ ಕೇಳದೆಯೇ ಲಿಂಗೈಕ್ಯರಾದರು, ಸ್ವರ್ಗಸ್ಥರಾದರು. ಗುಟ್ಟಿಗೂ ಒಂದು ಆಯುಷ್ಯವಿರಬೇಕು.

ಸದ್ಭಕ್ತರೆ, ಯುದ್ಧ ಎಂದೂ ಬೇಡವೆಂದು ನಾವು ಹೇಳುತ್ತಿಲ್ಲ. ನಾಡಿನ ಗಡಿ ಕಾಯಲು ಹೋದ ಮಗನು ಪೂಜ್ಯನು. ಆತನ ಮೇಲಿನ ಗೌರವದಿಂದಲೇ ಈ ಮಾತನ್ನು ಹೇಳುತ್ತಿದ್ದೇವೆ. ರೈತನು ಮನೆಯ ಒಂದು ಕರುವನ್ನು ಸಂತೆಗೆ ಹೊಡೆಯುವ ಮೊದಲು ನಾಲ್ಕು ಮಂದಿಯನ್ನು ಕೇಳುತ್ತಾನೆ. ಮಗನನ್ನು ರಣಕ್ಕೆ ಕಳಿಸುವ ದೇಶ ಕಾರಣವನ್ನು ಕೇಳಬಾರದೆ?

ಆದ್ದರಿಂದ ಯಾವ ದೇಶದ, ಯಾವ ಪಕ್ಷದ ನಾಯಕರೇ ಆಗಲಿ, ಯುದ್ಧದ ಮಾತನ್ನೆತ್ತಿದಾಗ ಊರ ಕಟ್ಟೆಯ ಮೇಲಿನ ಹಿರಿಯರು ನಾಲ್ಕು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇವರು ಹೇಳುತ್ತಿರುವುದು ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ? ಇವರದೇ ಅಧಿಕಾರಿಗಳಲ್ಲಿ ಬೇರೆ ಅಭಿಪ್ರಾಯ ಹೇಳಿದವರು ಇದ್ದಾರೆಯೇ, ಅವರ ಮಾತೇಕೆ ಕೇಳಿಬರುತ್ತಿಲ್ಲ? ಕಾಯಲು ಸಮಯವಿದ್ದರೂ ಅವಸರವೇಕೆ? ಈ ಮಾತು ಹುಸಿಯಾದರೆ ಹೊಣೆ ಯಾರದು, ಅದನ್ನು ಇಂದೇ ಬರೆದುಕೊಡುತ್ತಾರೆಯೇ? ಇಂಥ ಪ್ರಶ್ನೆ ಕೇಳಿದವನನ್ನು ದೇಶದ್ರೋಹಿ ಎನ್ನುವವರು ಇರುತ್ತಾರೆ. ಬಸವಣ್ಣನವರನ್ನು ಲೆಕ್ಕ ಕೇಳಿದ್ದರಿಂದ ಕಲ್ಯಾಣಕ್ಕೆ ಕೇಡಾಗಲಿಲ್ಲ; ಬಾಗಿಲು ತೆರೆದದ್ದರಿಂದ ಭಂಡಾರಿಯ ಕೀರ್ತಿ ಹೆಚ್ಚಿತು.

ಯುದ್ಧ ಮುಗಿದ ಮೇಲೂ ಕೇಳುವುದನ್ನು ಬಿಡಬಾರದು. ವಿಚಾರಣೆ ನಡೆಯಬೇಕು, ಏಳು ವರ್ಷವಲ್ಲ, ಬೇಗನೆ ನಡೆಯಬೇಕು. ವರದಿ ಜನರ ಭಾಷೆಯಲ್ಲಿ ಹೊರಬರಬೇಕು. ತಪ್ಪಿದವರು ಪದವಿಯಲ್ಲಿದ್ದರೆ ಇಳಿಯಬೇಕು, ಇಳಿದಿದ್ದರೆ ಸಭೆಯ ಮುಂದೆ ಬಂದು ಒಪ್ಪಿಕೊಳ್ಳಬೇಕು. ದಂಡನೆ ಕಾನೂನಿಗೆ ಬಿಟ್ಟದ್ದು. ನಿಜವನ್ನು ಹೇಳಿಸುವುದು ಪ್ರಜೆಗಳ ಧರ್ಮ.

ಧರ್ಮರಾಯನ ರಥ ಮಣ್ಣಿಗಿಳಿದದ್ದನ್ನು ಆ ದಿನ ಎಷ್ಟು ಜನ ಗಮನಿಸಿದರೋ, ವ್ಯಾಸರಂತೂ ಗಮನಿಸಿ ಬರೆದಿಟ್ಟರು. ಬರೆದಿಟ್ಟುದರಿಂದಲೇ ಅದು ಇಂದಿಗೂ ನಮಗೆ ಎಚ್ಚರ ಹೇಳುತ್ತಿದೆ. ಆಳುವವರಿಗೆ ಸತ್ಯ ನುಡಿಯುವ ಬಲವನ್ನೂ, ಪ್ರಜೆಗಳಿಗೆ ಕೇಳುವ ಧೈರ್ಯವನ್ನೂ, ರಣದಲ್ಲಿ ಮಡಿದ ಎಲ್ಲ ದೇಶಗಳ ಮಕ್ಕಳಿಗೆ ಸದ್ಗತಿಯನ್ನೂ ಪರಶಿವನು ಕರುಣಿಸಲೆಂದು ಹಾರೈಸುತ್ತೇವೆ. ಲೋಕಕ್ಕೆ ಶಾಂತಿಯಾಗಲಿ.

ಸರ್ವರಿಗೂ ಸನ್ಮಂಗಲವಾಗಲಿ.